ಹಲ್ಲಿ ನುಡಿದ ಸಂಜೆ

ಬಿಳಿ ಪಿಂಗಾಣಿಯ ಫ್ಯೂಸು ಕಿತ್ತು ಎಡಗೈಯಲ್ಲಿ ಹಿಡಿದುಕೊಂಡು ಅಮರಗುಂಡಪ್ಪ ಕಂಬಕ್ಕೆ ಒರಗಿ ನಿಂತ. ಪಕ್ಕದ ಪರದೆಯಾಚೆ ವೇದಿಕೆಯ ದೀಪಗಳೆಲ್ಲ ಒಮ್ಮೆಲೇ ಆರಿದವು. ಮೈಕೂ ಸತ್ತಿತು. 'ಹೋತು, ಕರೆಂಟ್ ಹೋತು' ಎಂದು ಜನ ಗೊಣಗಿದರು. ಅವನ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಈಗ ತೆಗಿ ನೋಡೋಣ ಬಾಬು, ನಿನ್ನ ಫೋಟೋ, ಎಂದುಕೊಂಡ.

ಲಿಂಗಸುಗೂರಿನ ಸಂಗೀತ ಸಭೆಗೆ ಹನ್ನೆರಡು ವರ್ಷ ಫೋಟೋ ತೆಗೆದವನು ಅವನು. ಸಿಂಧನೂರಿನಲ್ಲಿ ಸ್ವಂತ ಸ್ಟುಡಿಯೋ ಇತ್ತು. ಆ ಸುತ್ತಮುತ್ತ ಮೊದಲು ಫ್ಲ್ಯಾಶ್ ತಂದವನೂ ಅವನೇ. ಮಸ್ಕಿಯ ಬಾಬುಸಾಬ್‌ಗೆ ಸ್ಟುಡಿಯೋ ಇಲ್ಲ, ಫ್ಲ್ಯಾಶೂ ಇಲ್ಲ. ಗಡಿಯಾರ ರಿಪೇರಿ ಮಾಡಿ ಬದುಕುವವನು. ಯಾರೋ ಮಾರಿದ ಹಳೆಯ ಕ್ಯಾಮೆರಾ ಹಿಡಿದು, ವೇದಿಕೆಯ ಮೇಲೆ ಬಿದ್ದಷ್ಟೇ ಬೆಳಕಿನಲ್ಲಿ, ಉಸಿರು ಬಿಗಿಹಿಡಿದು ಪಟ ತೆಗೆಯುತ್ತಿದ್ದ. ಗಡಿಯಾರದ ಮುಳ್ಳು ಕೂರಿಸುವ ಕೈ ಅಲುಗುತ್ತಿರಲಿಲ್ಲ. ಅವನ ಪಟಗಳಲ್ಲಿ ಹಾಡುವವರ ಕುತ್ತಿಗೆಯ ನರವೂ ಕಾಣುತ್ತಿತ್ತು. ಅಮರಗುಂಡಪ್ಪನ ಪಟಗಳಲ್ಲಿ ಎಲ್ಲರೂ ಕಣ್ಣು ಮುಚ್ಚಿರುತ್ತಿದ್ದರು.

ಹೊಟ್ಟೆಕಿಚ್ಚಿಗೆ ಇಷ್ಟು ಸಾಕಿತ್ತು. ಅದರ ಮೇಲೆ ಸಭೆಯ ಕಾರ್ಯದರ್ಶಿ ನರಸಣ್ಣ ತುಪ್ಪ ಸುರಿದಿದ್ದ.

"ಮುಕ್ಕುಂದದ ಆದಮ್ಮನ ಕಣ್ಣು ಕುಕ್ಕತಾವಂತ, ಈ ಸಲ ಫ್ಲ್ಯಾಶ್ ಬ್ಯಾಡ್ರಿ. ಒಂದ ಪಟ ದೊಡ್ಡದು ಮಾಡಿಸಿ ಸಭಾದ ಗೋಡಿಗೆ ಹಾಕೋದೈತಿ. ನೀವಿಬ್ಬರೂ ತೆಗೀರಿ. ಚಲೋ ಇದ್ದದ್ದನ್ನ ಹಾಕ್ತೀವಿ."

ಆ ಗೋಡೆ ತನ್ನದು ಎಂದು ಅಮರಗುಂಡಪ್ಪ ಹನ್ನೆರಡು ವರ್ಷದಿಂದ ನಂಬಿದ್ದ.

ಆದಮ್ಮ ಹಾಡುವುದು ಮೂರೇ ತತ್ವಪದ. ಮೂರನೆಯದಕ್ಕೆ ಬಂದಾಗಲೇ ಅವಳ ಮುಖ ಅರಳುವುದು. ಬಾಬುಸಾಬ್ ಅದಕ್ಕೇ ಕಾದು ಕೂತಿದ್ದ, ಎರಡು ಪದ ಮುಗಿದರೂ ಕ್ಯಾಮೆರಾ ಎತ್ತಿರಲಿಲ್ಲ. ಮೂರನೆಯದು ಶುರುವಾದ ಗಳಿಗೆಗೇ ಫ್ಯೂಸು ಹೊರಬಂದಿತ್ತು.

ಆದರೆ ಆದಮ್ಮ ನಿಲ್ಲಿಸಲಿಲ್ಲ. ಕತ್ತಲಲ್ಲೇ ಹಾಡಿದಳು. ಜನ ಸುಮ್ಮನಾದರು.

ಆ ಕಡೆಯಿಂದ ನರಸಣ್ಣನ ಪಿಸುಮಾತು ಬಂತು. "ಯಾರರೆ ಫ್ಯೂಸ್ ನೋಡ್ರಲೇ."

ಅಮರಗುಂಡಪ್ಪ ಫ್ಯೂಸನ್ನು ಮತ್ತೆ ಸಿಕ್ಕಿಸಲು ತಿರುಗಿದ. ಫ್ಯೂಸಿನ ಜೊತೆಗೇ ಕಡ್ಡಿಪೆಟ್ಟಿಗೆಯನ್ನೂ ಎಡಗೈಯಲ್ಲಿ ಹಿಡಿದು ಅವಸರದಲ್ಲಿ ಕಡ್ಡಿ ಗೀರಿದ. ಅಷ್ಟರಲ್ಲಿ ಆದಮ್ಮನ ದನಿ ಮೇಲಕ್ಕೇರಿ ಅಲ್ಲೇ ನಿಂತುಬಿಟ್ಟಿತು. ಅವನ ಕೈಯೂ ನಿಂತಿತು. ಇಂಥದ್ದೂ ಆ ಗಡಿಯಾರದವನ ಪಾಲಾಗುತ್ತಿತ್ತಲ್ಲ ಎಂಬ ಸಂಕಟಕ್ಕೋ, ಹಾಡಿಗೋ, ಕಣ್ಣು ತುಂಬಿ ಬಂತು.

ಇವತ್ತಿಗೆ ಬಾಬುಸಾಬನ ಆಟ ಮುಗೀತು, ಎಂದು ಮನಸ್ಸಿನಲ್ಲೇ ಹೇಳಿಕೊಂಡ.

ಲೊಚ್. ಲೊಚ್.

ಹಲ್ಲಿ ನುಡಿದರೆ ಅಂದುಕೊಂಡ ಮಾತು ನಿಜ. ಅಮರಗುಂಡಪ್ಪ ಬೆರಳ ಗೆಣ್ಣಿನಿಂದ ಕಂಬ ತಟ್ಟಿ "ಶಿವ ಶಿವ" ಎಂದ. ಕಡ್ಡಿ ಬೆರಳು ಸುಟ್ಟು ಆರಿತು. ಫ್ಯೂಸನ್ನು ತಡಕಾಡಿ ಸಿಕ್ಕಿಸುವ ಹೊತ್ತಿಗೆ ಪದ ಮುಗಿದಿತ್ತು. ದೀಪ ಬಂದಾಗ ಆದಮ್ಮ ಕೈ ಮುಗಿದು ಏಳುತ್ತಿದ್ದಳು. ಬಾಬುಸಾಬ್ ವೇದಿಕೆಯ ಪಕ್ಕದ ಮೆಟ್ಟಿಲ ಮೇಲೆ, ಪರದೆಯ ಅಂಚಿಗೇ ಕೂತು ಕ್ಯಾಮೆರಾ ಚೀಲಕ್ಕೆ ಹಾಕಿಕೊಳ್ಳುತ್ತಿದ್ದ.

ಸಿಂಧನೂರಿನ ಬಸ್ಸಿನಲ್ಲಿ ಇಬ್ಬರಿಗೂ ಒಂದೇ ಸೀಟು ಸಿಕ್ಕಿತು. ಗಾಯಕ್ಕೆ ಉಪ್ಪು ಸವರುವ ಆಸೆಯನ್ನು ಅಮರಗುಂಡಪ್ಪನಿಗೆ ತಡೆಯಲಾಗಲಿಲ್ಲ.

"ಎಷ್ಟು ಸಿಕ್ಕಾವೋ ಬಾಬು?"

"ಒಂದ ಸಿಕ್ಕೈತ್ರಿ ಅಣ್ಣಾರ."

"ಅಂಥಾ ಕತ್ತಲ್ಯಾಗ?"

"ಇದ್ದಷ್ಟ ಬೆಳಕಿನಾಗ." ಬಾಬುಸಾಬ್ ಕ್ಯಾಮೆರಾ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡ. "ಎದುರಿನ ಚಾ ಅಂಗಡ್ಯಾಗ ಲೈಟ್ ಇತ್ತು ನೋಡ್ರಿ."

"ಅದರ ಲೈನ್ ಬ್ಯಾರೆ."

"ಹೌದೇನ್ರಿ," ಎಂದು ಬಾಬುಸಾಬ್ ಮಸ್ಕಿಯಲ್ಲಿ ಇಳಿದ.

ಎರಡು ತಿಂಗಳ ಮೇಲೆ ನರಸಣ್ಣನ ಕಾರ್ಡು ಬಂತು. ಗೋಡೆಗೆ ಬಾಬುಸಾಬನ ಪಟ ಆರಿಸಿದೆ. ಪಟದ ಮೇಲಿನ ಪರದೆ ಸರಿಸಲು ನೀವೇ ಬರಬೇಕು. ಅಮರಗುಂಡಪ್ಪ ಅದನ್ನು ನಾಲ್ಕು ಸಲ ಓದಿದ. ಕತ್ತಲೆಯಲ್ಲೂ ಗೆದ್ದನೇ ಈ ಬಡ್ಡಿಮಗ? ಆ ದಿನ ಅವನಿಗೆ ಊಟ ಸೇರಲಿಲ್ಲ. ಹೋಗದಿದ್ದರೆ ಹೊಟ್ಟೆಯುರಿ ಎಂದು ಊರು ಆಡಿಕೊಳ್ಳುತ್ತದೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದ.

ಬೆಳಗಿನ ಹತ್ತು ಗಂಟೆ. ಸಭೆ ತುಂಬಿತ್ತು. ಆದಮ್ಮ ಮುಂದೆಯೇ ಕೂತಿದ್ದಳು. ಎಲ್ಲರೂ ತನ್ನನ್ನೇ ನೋಡಿ ನಗುತ್ತಿದ್ದಾರೆ ಎನಿಸಿತು. ಹಲ್ಲು ಕಚ್ಚಿ ದಾರ ಎಳೆದ.

ಪಟದಲ್ಲಿ ಆದಮ್ಮ ಇರಲಿಲ್ಲ. ಕತ್ತಲ ನಡುವೆ ಒಂದು ಉರಿಯುವ ಕಡ್ಡಿ, ಅದನ್ನು ಹಿಡಿದ ಬಲಗೈ, ಅದರ ಬೆಳಕಿನಲ್ಲಿ ಕಣ್ಣು ತುಂಬಿಕೊಂಡ ಒಂದು ಮುಖ. ಅವನದೇ ಮುಖ. ಕೆಳಗೆ 'ಕೇಳುಗ' ಎಂದು ಬರೆದಿತ್ತು.

ಲೊಚ್. ಲೊಚ್.

ಅಭ್ಯಾಸದಂತೆ ಅವನ ಬೆರಳು ಗೋಡೆ ತಟ್ಟಲು ಎದ್ದಿತು. ತಿರುಗಿ ನೋಡಿದರೆ ಬಾಬುಸಾಬ್ ಕ್ಯಾಮೆರಾ ಕಣ್ಣಿಂದ ಇಳಿಸುತ್ತಿದ್ದ.

"ಹಾಡೋರ ಪಟ ಊರ ತುಂಬ ಅದಾವು," ಎಂದ ನರಸಣ್ಣ. "ಕೇಳೋರದು ಒಂದೂ ಇರಲಿಲ್ಲ."

ಆದಮ್ಮ ಎದ್ದು ಬಂದು ಅವನ ಕೈ ಹಿಡಿದಳು. "ನಾ ಹಾಡಿದ್ದಕ್ಕ ಯಾರೂ ಇಷ್ಟು ಕಣ್ಣೀರು ಹಾಕಿಲ್ಲ ನೋಡ ಯಪ್ಪಾ."

ಜನ ಚಪ್ಪಾಳೆ ತಟ್ಟಿದರು. ಆ ಗಲಾಟೆಯಲ್ಲಿ ಬಾಬುಸಾಬ್ ಅವನ ಕೈಗೆ ಒಂದು ಸಣ್ಣ ಲಕೋಟೆ ಇಟ್ಟ.

"ನೆಗೆಟಿವ್ ನಿಮ್ಮ ಹತ್ರನ ಇರಲ್ರಿ ಅಣ್ಣಾರ. ಗೋಡಿಗೆ ಅರ್ಧ ಸಾಕು ಅನಿಸ್ತು."

ಎಲ್ಲರೂ ಹೋದ ಮೇಲೆ ಅಮರಗುಂಡಪ್ಪ ಅದನ್ನು ಕಿಟಕಿಯ ಬೆಳಕಿಗೆ ಹಿಡಿದ. ಗೋಡೆಯ ಪಟದಲ್ಲಿ ಕತ್ತರಿಸಿ ಬಿಟ್ಟಿದ್ದ ಎಡಗೈ ಅದರಲ್ಲಿ ಪೂರ್ತಿ ಬಂದಿತ್ತು. ಕೈಯೊಳಗೆ, ನೆಗೆಟಿವ್‌ನಲ್ಲಿ ಬಿಳಿಯದೆಲ್ಲ ಕಾಣುವ ಹಾಗೆ ಕಪ್ಪಗೆ, ಸಭೆಯ ಫ್ಯೂಸು ಇತ್ತು.