ಕಡ ತಂದ ನೆರಳು

ಬೆಳಗಾದ ಕೂಡಲೇ ಬಹುತೇಕ ಎಲ್ಲರ ನೆರಳೂ ಎದ್ದು ಕೆಲಸಕ್ಕೆ ಹತ್ತುತ್ತಿತ್ತು. ಬಡ ದೇಶಗಳಲ್ಲಿ ಯಾರ ನೆರಳು ಎಷ್ಟು ದುಡಿಯುತ್ತದೆ ಎಂಬುದೇ ಅರ್ಥಶಾಸ್ತ್ರದ ಪ್ರೊಫೆಸರ್ ಇಂದುಧರ ಹೊಸಮನಿಯವರ ಸಂಶೋಧನೆ. ಇವತ್ತು ರಾಣೆಬೆನ್ನೂರಿನ ಫಕ್ಕೀರವ್ವನ ಮನೆಗೆ ಬಂದಿದ್ದರು. ಅವಳು ರೊಟ್ಟಿ ಬಡಿಯುತ್ತಿದ್ದಳು, ಅವಳ ನೆರಳು ನೀರು ತುಂಬುತ್ತಿತ್ತು.

"ನಿಮ್ಮ ಯಜಮಾನ್ರ ನೆರಳು ಏನ್ ಮಾಡ್ತೈತ್ರಿ?"

"ಅವರಂಗ ಕಟ್ಟಿ ಮ್ಯಾಲೆ ಬಿದ್ದೈತ್ರಿ."

ಸಂಜೆ ಊರಲ್ಲಿ ಮಾಡಬೇಕಿದ್ದ ಭಾಷಣಕ್ಕೆ ಇದಕ್ಕಿಂತ ಒಳ್ಳೆಯ ಮಾತು ಸಿಕ್ಕೀತೇ! ಪ್ರೊಫೆಸರರು ಖುಷಿಯಿಂದ ಎದ್ದು ನೋಡಿದರೆ, ಕಾಲ ಬುಡದಲ್ಲಿ ತಮ್ಮ ನೆರಳೇ ಇಲ್ಲ. ಅದು ಅಡುಗೆಮನೆಯಲ್ಲಿ ಕೂತು ಆರಾಮಾಗಿ ಚಹಾ ಕುಡಿಯುತ್ತಿತ್ತು.

"ಬರಂಗಿಲ್ಲಂತ್ರಿ ಸರ್," ಫಕ್ಕೀರವ್ವ ನಕ್ಕಳು. "ನಿಮ್ಮನ್ಯಾಗ ಭಾಂಡೆ ತಿಕ್ಕೂದು, ಅರಬಿ ಒಗಿಯೂದು, ದೇಶ ದೇಶಕ್ಕ ನಿಮ್ಮ ಬ್ಯಾಗ್ ಹೊರೂದು... ಸಾಕಾಗೇತಂತ. ಸೂಟಿ ಬೇಕಂತ."

"ಅಯ್ಯಯ್ಯೋ, ನೆರಳಿಲ್ದ ವೇದಿಕೆ ಹತ್ತಿದ್ರ ಮಂದಿ ದೆವ್ವ ಅಂತ ಓಡ್ತಾರ್ ಯವ್ವಾ! ಮರ್ಯಾದಿ ಹೋಗ್ತೈತಿ!"

"ಹಂಗಾರ ನಮ್ಮ ಯಜಮಾನ್ರದು ಒಯ್ರಿ. ಖಾಲೀನ ಐತಿ."

ಸಂಜೆ ಪ್ರೊಫೆಸರರು ಹೆಂಗಸರ ದುಡಿಮೆಯ ಬಗ್ಗೆ ಗಂಟಲು ಹರಿಯುವಂತೆ ಮಾತಾಡಿದರು. ಹಿಂದಿನ ಪರದೆಯ ಮೇಲೆ ತಲೆಗೆ ದೊಡ್ಡ ರುಮಾಲು ಸುತ್ತಿದ ಫಕ್ಕೀರವ್ವನ ಗಂಡನ ನೆರಳು ಆಕಳಿಸಿತು, ಹೊಟ್ಟೆ ಕೆರೆದುಕೊಂಡಿತು, ಕಾಲು ಚಾಚಿ ಮಲಗಿಯೇಬಿಟ್ಟಿತು. ಸಭೆಯವರೆಲ್ಲ ಕತ್ತೆತ್ತಿ ಪರದೆ ನೋಡಿದರು. ಪ್ರೊಫೆಸರರ ಅಂಗಿ ಬೆವರಿಗೆ ಬೆನ್ನಿಗಂಟಿತು.

ಅಷ್ಟರಲ್ಲಿ ಮುಂದಿನ ಸಾಲಿನ ಹೆಂಗಸರು ಎದ್ದು ನಿಂತು ಚಪ್ಪಾಳೆ ತಟ್ಟತೊಡಗಿದರು.

"ಎಷ್ಟ್ ಚಂದ ತಿಳಿಸಿ ಹೇಳಿದ್ರಿ ಸರ್! ನಮ್ಮನಿಯವ್ರನ್ನ ಕಣ್ಣ ಮುಂದ ತಂದು ಮಲಗಿಸೇಬಿಟ್ರಿ!"