ಪುಟದ ಅಡಿಯ ಮೂರು ಸಾಲು

ತಪ್ಪು ಮಾಡಿದವಳೇ ಕಥೆ ಹೇಳಲು ಹೊರಟಿದ್ದೇನೆ, ಮನ್ನಿಸಬೇಕು. ಭಾವ ತೀರಿಕೊಂಡ ನಾಲ್ಕನೇ ತಿಂಗಳು, ಅವರ ಗಡಿಯಾರ ರಿಪೇರಿ ಬ್ಲಾಗಿನ ಅಕ್ಷರ ದೊಡ್ಡದು ಮಾಡಿಕೊಡೆಂದು ಅಕ್ಕ ಕರೆದಳು. ಓದುಗರು ಕೇಳುತ್ತಿದ್ದರಂತೆ. ನನ್ನದು ಸಂಜೆ ತರಗತಿಯಲ್ಲಿ ಆರು ತಿಂಗಳು ಕಲಿತ ವೆಬ್‌ಸೈಟ್ ವಿದ್ಯೆ.

ಭಾವನ ಲೇಖನಗಳನ್ನೆಲ್ಲ ಎರಡು ಕಡೆ ನಕಲು ಮಾಡಿಟ್ಟುಕೊಂಡೆ. ಬ್ಲಾಗಿನ ರೂಪ ಹಿಡಿದಿಡುವ ಥೀಮು ಹಳೆಯದಾಗಿತ್ತು. ತರಗತಿಯ ಮೇಷ್ಟರು ಹೇಳಿಕೊಟ್ಟಂತೆ ಮೊದಲು ಅದನ್ನು ಅಪ್‌ಡೇಟ್ ಮಾಡಿ, ಆಮೇಲೆ ಅಕ್ಷರ, ಬಣ್ಣಗಳ ಫೈಲುಗಳನ್ನು ತಿದ್ದಿದೆ. ಪುಟ ತೊಳೆದಿಟ್ಟ ಹಾಗೆ ಕಂಡಿತು.

"ಬರೀ ಸರ್ಟಿಫಿಕೇಟ್ ತೋರಿಸ್ಕೊಂಡು ತಿರುಗ್ತಾಳೆ ಅಂದ್ಕೊಂಡಿದ್ದೆ. ಪರವಾಗಿಲ್ವೇ ನೀನು," ಎಂದು ಅಕ್ಕ ಕುರ್ಚಿ ಎಳೆದುಕೊಂಡು ಕೂತಳು. "ಇವತ್ತು ಓದಿಬಿಡ್ತೀನಿ. ಎದ್ದು ಹೋಗ್ಬೇಡ, ಪಕ್ಕದಲ್ಲೇ ಇರು."

"ಏನು ಓದೋದು?"

"ನಿಮ್ಮ ಭಾವ ಬರೆದಿದ್ದು. ಲೇಖನ ಹಾಕಿದ್ರೆ ಊರಿಗೆಲ್ಲ ಮೇಲ್ ಹೋಗುತ್ತಲ್ಲ. ಅದಕ್ಕೇ ನನಗೆ ಹೇಳೋದನ್ನ ಥೀಮಿನ ಫೈಲೊಳಗೇ ಬರೆದುಬಿಡೋರು, ಪುಟದ ತೀರಾ ಕೆಳಗೆ ಕಾಣೋ ಹಾಗೆ. ಅಲ್ಲೀವರೆಗೂ ಯಾರು ಇಳೀತಾರೆ, ನೀನೊಬ್ಬಳೇ ಅನ್ನೋರು. ಕೊನೇದು ಆಸ್ಪತ್ರೆಯಿಂದ ಬರೆದಿದ್ದು. ನನಗೆ ಇನ್ನೂ ಓದೋ ಧೈರ್ಯ ಬಂದಿರ್ಲಿಲ್ಲ."

ಅಪ್‌ಡೇಟ್ ಮಾಡಿದರೆ ಥೀಮಿನ ಹಳೆಯ ಫೈಲುಗಳು ಹೋಗಿ ಹೊಸವು ಕೂರುತ್ತವೆ. ಅವುಗಳೊಳಗೆ ಯಾರಾದರೂ ಕೈಯಾರೆ ಬರೆದದ್ದಿದ್ದರೆ ಅದೂ ಹೋಗುತ್ತದೆ. ನಾನು ನಕಲು ಮಾಡಿದ್ದು ಲೇಖನಗಳನ್ನು ಮಾತ್ರ.

ಅಕ್ಕ ಪುಟವನ್ನು ಸರಿಸುತ್ತ ಕೆಳಗಿಳಿದಳು. ಕೊನೆ ಬಂತು. ಮತ್ತೆ ಮೇಲೆ ಹೋಗಿ, ಈ ಸಲ ನಿಧಾನವಾಗಿ ಇಳಿದಳು.

"ಎಲ್ಲೇ?"

ಹೇಳಿದೆ. ಅವಳು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಬ್ಲಾಗಿಗೆ ಜಾಗ ಕೊಟ್ಟಿದ್ದ ಸರ್ವರಿನವರಿಗೆ ಫೋನ್ ಮಾಡಿದೆ. ಅವರಲ್ಲೂ ಹಳೆಯ ಪ್ರತಿ ಇರಲಿಲ್ಲ.

"ಕೆಲಸ ಶುರು ಮಾಡೋವಾಗ ನಿನ್ನ ಕಣ್ಣಿಗಾದ್ರೂ ಬಿದ್ದಿರ್ಬೇಕಲ್ಲ?"

"ಬಿತ್ತಕ್ಕ. ಮೂರು ಸಾಲಿತ್ತು. ಥೀಮ್ ಮಾಡಿದ ಕಂಪನಿಯವರದ್ದು ಏನೋ ಇರ್ಬೇಕು ಅಂತ ಓದ್ಲಿಲ್ಲ."

"ಮೂರು ಸಾಲು," ಎಂದಳು ಅಕ್ಕ. ಆ ಸಾಲುಗಳು ಕೊನೆಯದಾಗಿ ಹಾದುಹೋದ ಜಾಗ ಅದೊಂದೇ ಎಂಬಂತೆ ನನ್ನ ಕಣ್ಣುಗಳನ್ನೇ ನೋಡುತ್ತ ಕೂತಳು.

ಅವುಗಳಲ್ಲಿ ಏನಿತ್ತೋ, ನನಗೂ ಗೊತ್ತಿಲ್ಲ.