ಸಾಹೇಬರ ಮನೆಯ ಬೀಗದ ಕೋಣೆ

ಹೊಸ ಸಾಗುವಾನಿಯ ವಾಸನೆ ಬಂದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ನಿಜಾಮರ ಆಳ್ವಿಕೆ ಹೋಗಿ ಹೊಸ ಸರಕಾರ ಬಂದಿತ್ತು. ನಿಲಂಗಾ ಹತ್ತಿರದ ನಮ್ಮೂರಿನ ಶಾಲೆ ಮಾತ್ರ ಬೇವಿನ ಮರದ ಕೆಳಗೇ ನಡೆಯುತ್ತಿತ್ತು. ನಾವು ನೆಲದ ಮೇಲೆ ಕೂಡುತ್ತಿದ್ದೆವು. ಒಂದು ಮಧ್ಯಾಹ್ನ ತಾಲೂಕಿನ ದೊಡ್ಡ ಸಾಹೇಬರ ಹೆಂಡತಿ, ಮನೆಮನೆಗೆ ಪೂಜೆಗೆ ಹೋಗುವ ನನ್ನ ಅಜ್ಜನನ್ನು ತಮ್ಮ ಹೊಸ ವಾಡೆಗೆ ಕರೆಸಿದರು. ನಾನೂ ಜೊತೆಗೆ ಹೋದೆ.

“ಮಕ್ಕಳಿಲ್ಲದ ಮನಿರೀ ಇದು, ಅಯ್ಯನೋರ. ಆದ್ರ ಆ ಖೋಲ್ಯಾಗಿಂದ ಹುಡುಗರು ಮಗ್ಗಿ ಹೇಳೂ ಸಪ್ಪಳ ಬರತದ,” ಎನ್ನುತ್ತ ಆಕೆ ಕೋಣೆಯ ಬೀಗ ತೆಗೆದರು.

ಒಳಗೆ ಸೂರಿನವರೆಗೂ ಹೊಸ ಬೆಂಚುಗಳನ್ನು ಪೇರಿಸಿದ್ದರು. ಒಂದೊಂದರ ಮೇಲೂ ನಮ್ಮ ಶಾಲೆಯ ಹೆಸರಿತ್ತು. ನುಣುಪಾದ ಹಲಗೆ ಮುಟ್ಟಿದರೆ ಬಾವಿಯ ಕಲ್ಲಿನಂತೆ ತಣ್ಣಗಿತ್ತು.

ಅಜ್ಜ ವಿಭೂತಿಯನ್ನು ಚೀಲಕ್ಕೆ ಮರಳಿ ಹಾಕಿಕೊಂಡ. “ಇದಕ್ಕ ಮಂತ್ರ ಇಲ್ರೀ, ತಾಯಿ. ಇವನ್ನ ಶಾಲಿಗಿ ಕಳಸ್ರಿ.”

ಹೊರಗೆ ಬಂದ ಮೇಲೆ ನನ್ನ ಕೈ ಬಿಗಿಯಾಗಿ ಹಿಡಿದು ಕೇಳಿದ: “ನಿನಗೂ ಕೇಳಿಸ್ತೇನವ್ವಾ?”

ಕೇಳಿಸಿತ್ತು. ಅದರಲ್ಲಿ ಒಂದು ದನಿ ನನ್ನದೇ ಆಗಿತ್ತು.